ನೀರಿನ ತಪ್ಪೋ, ಸೊಸೆಯ ತಪ್ಪೋ

ಈಸ್ಟರ್ ಕಳೆದ ಎರಡನೇ ಭಾನುವಾರ ಎವಾಂಥಿಯಾ ಕೋಳಿ, ಆಲೂಗಡ್ಡೆ ಬೇಯಿಸಿದ ದೊಡ್ಡ ತಟ್ಟೆಯನ್ನು ಓವನ್ನಿನಿಂದ ತೆಗೆದು ಮೇಜಿನ ನಡುವೆ ಇಟ್ಟಳು. ಎಲ್ಲರಿಗಿಂತ ಮೊದಲು ಮಗನ ತಟ್ಟೆಗೆ ತೊಡೆಯ ತುಂಡು ಹಾಕಿದಳು. ಮಗ ಲಾಜರೋಸ್ ಅದನ್ನು ನೋಡದೆ ಪತ್ರಿಕೆಯ ನಡುಪುಟ ಬಿಡಿಸಿದ.

"ನಮ್ಮೂರು ಪೇಪರಲ್ಲಿ ಬಂದಿದೆ" ಅಂದ.

"ಯಾಕೆ, ಯಾರು ಸತ್ರು?"

"ಯಾರೂ ಸತ್ತಿಲ್ಲಮ್ಮ. ಯೂನಿವರ್ಸಿಟಿಯೋರು ಲೆಕ್ಕ ಮಾಡಿದಾರಂತೆ, ಯಾವ ಊರಲ್ಲಿ ಎಷ್ಟು ಮಕ್ಕಳಿಗೆ ಆಟಿಸಂ ಇದೆ ಅಂತ. ನಕ್ಷೆ ಹಾಕಿದಾರೆ. ನಮ್ಮೂರು ಕಡುಗೆಂಪು."

"ಹಂಗಂದ್ರೆ?"

"ನಾವೇ ಮೊದಲು ಅಂತ. ಲೆಫ್ಕೊನೇರಿಯಲ್ಲಿ ಮೂವತ್ನಾಲ್ಕು ಮಕ್ಕಳಿಗೆ ಒಂದು. ಪಕ್ಕದ ಪೆತ್ರೊಲಾಕಾದಲ್ಲಿ ನೂರೈವತ್ತಕ್ಕೆ ಒಂದು."

ಪೆತ್ರೊಲಾಕಾವನ್ನು ಯಾವುದರಲ್ಲಿ ಹಿಂದೆ ಹಾಕಿದರೂ ಹಿಗ್ಗುವ ಊರು ನಮ್ಮದು. ಫುಟ್‌ಬಾಲಿರಲಿ, ಚೆರ್ರಿ ಹಣ್ಣಿರಲಿ, ಪಾದ್ರಿಯ ಕಂಠವಿರಲಿ. ಆದರೆ ಇದಕ್ಕೆ ಹಿಗ್ಗಬೇಕೋ ಬೇಡವೋ ಎಂದು ಮೇಜಿನ ಸುತ್ತ ಕೂತವರಿಗೆ ತಿಳಿಯಲಿಲ್ಲ. ಎವಾಂಥಿಯಾ ಒಂದು ಗಳಿಗೆ ಯೋಚಿಸಿದಳು. ಅವಳಿಗೆ ಯೋಚನೆಗೆ ಒಂದು ಗಳಿಗೆ ಸಾಕು.

"ನೀರು" ಅಂದಳು. "ನೀರಲ್ಲಿ ಏನೋ ಇದೆ."

ಅವಳ ಗಂಡ ಥ್ರಾಸೋಸ್ ಫೋರ್ಕನ್ನು ಕೆಳಗಿಟ್ಟ. ಪುರಸಭೆಯ ನೀರು ಸರಬರಾಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ಅವನು. ಊರಿನ ಯಾವ ಬೀದಿಯ ಕೆಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಮದುವೆಯ ವಾರ್ಷಿಕೋತ್ಸವದ ದಿನಾಂಕ ಮಾತ್ರ ಹೇಳಲಾರ.

"ನನ್ನ ನೀರಲ್ಲಿ ಏನಿದೆ?" ಎಂದು ಕೇಳಿದ.

"ನಿನ್ನ ನೀರು ಅಂತ ಯಾರಂದ್ರು? ನಲ್ಲಿ ನೀರು ಅಂದೆ."

"ಅದೇ ನನ್ನ ನೀರು."

ಮೂರು ಅಂತಸ್ತಿನ ಆ ಮನೆಯಲ್ಲಿ ಎಲ್ಲರೂ ಬೇರೆಬೇರೆ ಮಲಗಿದರೂ ಊಟ ಮಾತ್ರ ಕೆಳಗೇ. ಕೆಳಗಿನ ಅಂತಸ್ತು ಮುದುಕರದು. ನಡುವಿನದು ಟೈರ್ ಅಂಗಡಿ ಇಟ್ಟಿದ್ದ ಲಾಜರೋಸ್ ಮತ್ತು ಅವನ ಹೆಂಡತಿ ರೊದಾಂಥಿಯದು. ಮಾತು ತಡವಾಗಿ ಬರುವ, ಬಂದರೂ ತೊಡರುವ ಮಕ್ಕಳಿಗೆ ಕಲಿಸುವುದು ರೊದಾಂಥಿಯ ಕೆಲಸ. ಊರಿನವರು ಅವಳನ್ನು ಮಾತಿನ ಡಾಕ್ಟರು ಎನ್ನುತ್ತಿದ್ದರು. ಮೇಲಿನ ಅಂತಸ್ತು ಮಗಳು ಅರ್ಗಿರೊಳದು. ಅವಳ ಗಂಡ ಹಡಗಿನ ಎಂಜಿನಿಯರು, ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲೆ. ಅರ್ಗಿರೊ ಸೂಪರ್ ಮಾರ್ಕೆಟ್ಟಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಅವಳ ಐದು ವರ್ಷದ ಮಗಳು ಮಿರ್ಸಿನಿ ಆ ಭಾನುವಾರ, ಎಲ್ಲ ದಿನದಂತೆ, ಮೇಜಿನ ಕೆಳಗೆ ತನ್ನ ಬಿಳಿ ಮಕರೋನಿಯ ಬಟ್ಟಲು ಇಟ್ಟುಕೊಂಡು ಕೂತಿದ್ದಳು.

ಮೇಜಿನ ಕೆಳಗಿನಿಂದ ಸ್ಪಷ್ಟವಾದ ದನಿ ಬಂತು. "ಮಾನ್ಯ ಗ್ರಾಹಕರೇ, ಎರಡನೇ ಕೌಂಟರ್ ಈಗ ತೆರೆದಿದೆ."

ಅರ್ಗಿರೊ ಬಗ್ಗಿ ಬಟ್ಟಲಿಗೆ ಇನ್ನೊಂದು ಸೌಟು ಮಕರೋನಿ ಹಾಕಿದಳು. ಇನ್ನಷ್ಟು ಬೇಕು ಎಂಬುದಕ್ಕೆ ಮಿರ್ಸಿನಿ ಹೇಳುವುದು ಹಾಗೆ. ತಾಯಿ ಕೆಲಸ ಮಾಡುವ ಅಂಗಡಿಯ ಮೈಕಿನ ಪ್ರಕಟಣೆಗಳೆಲ್ಲ ಅವಳ ಬಾಯಲ್ಲಿದ್ದವು. ಸಾಕು, ಎಲ್ಲರೂ ಹೊರಡಿ ಎಂಬುದಕ್ಕೆ "ಮಾನ್ಯ ಗ್ರಾಹಕರೇ, ಮಳಿಗೆಯು ಹತ್ತು ನಿಮಿಷಗಳಲ್ಲಿ ಮುಚ್ಚಲಿದೆ" ಎನ್ನುತ್ತಿದ್ದಳು. ಸ್ವಂತ ಮಾತು ಎಂದು ಹೇಳುವಂಥದ್ದು ಒಂದೂ ಇರಲಿಲ್ಲ.

"ನೋಡು, ಎಷ್ಟು ಚೊಕ್ಕ ಭಾಷೆ" ಎಂದಳು ಎವಾಂಥಿಯಾ ಹೆಮ್ಮೆಯಿಂದ. "ಇವಳು ಟೀವಿಯಲ್ಲಿ ವಾರ್ತೆ ಓದ್ತಾಳೆ, ಬರೆದಿಟ್ಕೊಳ್ಳಿ."

ರೊದಾಂಥಿ ತನ್ನ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಸಣ್ಣಸಣ್ಣಗೆ ಕತ್ತರಿಸಿದಳು. ತಿನ್ನಲಿಲ್ಲ.

ಸೋಮವಾರದ ಹೊತ್ತಿಗೆ ಅರ್ಧ ಊರು ನಲ್ಲಿ ನೀರು ಕುಡಿಯುವುದನ್ನು ಬಿಟ್ಟಿತು. ಹನ್ನೊಂದು ಕಿಲೋಮೀಟರು ದೂರದ ಬೆಟ್ಟದಲ್ಲಿ ಸಂತ ಪರಾಸ್ಕೆವಿಯ ಪುಟ್ಟ ಗುಡಿಯಿದೆ. ಅದರ ಅಂಗಳದ ಕಲ್ಲಿನ ನಲ್ಲಿಯಲ್ಲಿ ಹಗಲಿರುಳು ನೀರು ಸುರಿಯುತ್ತದೆ. ಜನ ಕ್ಯಾನು, ಬಾಟಲಿ, ಆಲಿವ್ ಎಣ್ಣೆಯ ಡಬ್ಬಿ ಹಿಡಿದು ಅಲ್ಲಿ ಸಾಲುಗಟ್ಟಿದರು. ಎವಾಂಥಿಯಾ ಮಗನ ವ್ಯಾನಿನಿಂದ ಟೈರುಗಳನ್ನು ಇಳಿಸಿ ಹದಿನೆಂಟು ಕ್ಯಾನು ಏರಿಸಿದಳು. ಮೆಟ್ಟಿಲ ಮೇಲೆಲ್ಲ ಕ್ಯಾನುಗಳು ನಿಂತವು. ಆ ನೀರಿನಲ್ಲಿ ಸೊಪ್ಪು ತೊಳೆದಳು, ಮಕರೋನಿ ಬೇಯಿಸಿದಳು, ಜೆರೇನಿಯಂ ಕುಂಡಗಳಿಗೂ ಹಾಕಿದಳು.

"ಅಮ್ಮ, ಗಿಡಕ್ಕೆ ಯಾಕೆ?" ಎಂದ ಲಾಜರೋಸ್ ಬೆನ್ನು ಹಿಡಿದುಕೊಂಡು.

"ಯಾರಿಗ್ಗೊತ್ತು, ಗಿಡಕ್ಕೂ ಹತ್ತಬಹುದು."

ಥ್ರಾಸೋಸ್ ಊಟದ ಹೊತ್ತಿಗೆ ಎದ್ದು ಹೋಗಿ, ಎಲ್ಲರಿಗೂ ಕೇಳುವ ಹಾಗೆ ನಲ್ಲಿ ತಿರುಗಿಸಿ, ದೊಡ್ಡ ಲೋಟ ತುಂಬಿಸಿ, ನಿಂತೇ ಕುಡಿಯುತ್ತಿದ್ದ. ಕಾಫಿ ಅಂಗಡಿಯಲ್ಲೂ ಅದೇ. ಮೂರು ಲೋಟ ನಲ್ಲಿ ನೀರು ಸಾಲಾಗಿ ಇಡಿಸಿಕೊಂಡು, ಎದುರಿನವರ ಮುಖ ನೋಡುತ್ತಾ ಒಂದೊಂದನ್ನೇ ಮುಗಿಸುತ್ತಿದ್ದ. ದಿನಕ್ಕೆ ಹದಿನೈದು ಸಲ ಬಚ್ಚಲಿಗೆ ಹೋಗಬೇಕಾಗಿ ಬಂದರೂ ಹಠ ಬಿಡಲಿಲ್ಲ.

ಎರಡನೇ ವಾರ ಬೇಕರಿಯಲ್ಲಿ ಗಾಳಿಯ ದಿಕ್ಕು ಬದಲಾಯಿತು. ಎವಾಂಥಿಯಾ ರೊಟ್ಟಿಗೆ ಕಾಯುತ್ತಿದ್ದಾಗ ಅಂಚೆ ಮಾಸ್ತರರ ವಿಧವೆ ಹಿಂದಿನಿಂದ ಹೇಳಿದಳು: "ನೀರೂ ಅಲ್ಲ, ಗಾಳೀನೂ ಅಲ್ಲ. ಮಗೂಗೆ ಆಟಿಸಂ ಇದೆ ಅಂತ ಜಿಲ್ಲೆಯಿಂದ ಕಾಗದ ಬರೆಸ್ಕೊಂಡು ಬರೋಕೆ ಎಲ್ಲರನ್ನೂ ಕಳಿಸಿದ್ದು ಯಾರು? ನಿಮ್ಮನೆ ಸೊಸೆ. ಅವಳು ಬರೋಕ್ಮುಂಚೆ ಊರಲ್ಲಿ ಒಂದೂ ಇರ್ಲಿಲ್ಲ."

"ನನ್ನ ಮಗನ್ನ ಕಳಿಸಿದ್ದೂ ಅವಳೇ" ಎಂದಳು ಬೇಕರಿಯವಳು, ರೊಟ್ಟಿ ಸುತ್ತುತ್ತಾ. "ಕಳಿಸಿದ್ದಕ್ಕೆ ಇವತ್ತು ಅವನು ಸ್ಕೂಲಲ್ಲಿ ಕೂರ್ತಾನೆ."

ಎವಾಂಥಿಯಾಗೆ ಮೊದಲಿನ ಮಾತು ಮಾತ್ರ ಕೇಳಿಸಿತು.

ಆ ಸಂಜೆ ಅತ್ತೆ, ಸೊಸೆ ಎದುರುಬದುರು ಕೂತು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಇಟ್ಟು ಸುತ್ತುತ್ತಿದ್ದರು. ನಲವತ್ತು ಎಲೆಯವರೆಗೆ ಮನೆ ಶಾಂತವಾಗಿತ್ತು.

"ನೀನು ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು?"

"ಒಂಬತ್ತು, ಅತ್ತೆ."

"ಅದಕ್ಕೆ ಮುಂಚೆ ಇಲ್ಲಿ ಇಂಥ ಮಗು ಒಂದಾದ್ರೂ ಇತ್ತಾ?"

"ಇದ್ವು. ಹೆಸರು ಬೇರೆ ಇತ್ತು."

"ಏನ್ಹೆಸರು?"

"ಮಾವನ ಚಿಕ್ಕಪ್ಪ ಒಬ್ರು ನಲವತ್ತು ವರ್ಷ ಕುರಿ ಹಿಂದೆ ತಿರುಗಿದ್ರು, ಯಾರ ಹತ್ರಾನೂ ಮಾತಾಡ್ಲಿಲ್ಲ, ಆದ್ರೆ ಊರಲ್ಲಿ ಯಾರು ಯಾವತ್ತು ಹುಟ್ಟಿದ್ರು ಅಂತ ವಾರದ ಸಮೇತ ಹೇಳ್ತಿದ್ರು ಅಂತ ನೀವೇ ಹೇಳಿದ್ರಲ್ಲ."

"ಅವನು ಮಾತು ಕಮ್ಮಿ ಮನುಷ್ಯ, ಅಷ್ಟೇ."

"ಚರ್ಚ್ ಹಿಂದಿನ ಸೋಫ್ರೊನಿಯಾ? ಯಾರಾದ್ರೂ ಮೈ ಮುಟ್ಟಿದ್ರೆ ಕಿರುಚ್ತಾರೆ."

"ಅವಳಿಗೆ ಕೊಬ್ಬು."

"ಅವರ ತಮ್ಮ?"

"ಅವನು ದಡ್ಡ."

"ನೋಡಿ. ಮಾತು ಕಮ್ಮಿ, ಕೊಬ್ಬು, ದಡ್ಡ. ಇವೆಲ್ಲ ಹೆಸರೇ. ನಾನು ಬೇರೆ ಹೆಸರು ಇಟ್ಟೆ, ಯಾಕಂದ್ರೆ ಆ ಹೆಸರಿಗೆ ಸ್ಕೂಲಲ್ಲಿ ಒಬ್ಬ ಟೀಚರ್ ಪಕ್ಕದಲ್ಲಿ ಕೂರ್ತಾರೆ. ಕೊಬ್ಬು ಅಂತ ಬರೆದ್ರೆ ಯಾರೂ ಕೂರಲ್ಲ."

ಉತ್ತರ ಹೊಳೆಯದಿದ್ದಾಗ ಎವಾಂಥಿಯಾ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಳು. ಈ ಸಲ ಸಿಕ್ಕಿದ್ದು ಮಾತು.

"ನಿನ್ನದೂ ಅಂತ ಒಂದು ಮಗು ಇದ್ದಿದ್ರೆ ಊರ ಮಕ್ಕಳಿಗೆಲ್ಲ ಹೆಸರಿಡ್ತಾ ತಿರುಗ್ತಿರಲಿಲ್ಲ."

ರೊದಾಂಥಿ ಕೈಯಲ್ಲಿದ್ದ ಎಲೆಯನ್ನು ಪೂರ್ತಿ ಸುತ್ತಿ, ಪಾತ್ರೆಯಲ್ಲಿ ಸಾಲಿಗೆ ಇಟ್ಟು, ಕೈ ತೊಳೆದು ಮೇಲೆ ಹೋದಳು. ಮೇಜಿನ ಕೆಳಗಿನಿಂದ ಮಿರ್ಸಿನಿ, ಮಳಿಗೆಯು ಹತ್ತು ನಿಮಿಷಗಳಲ್ಲಿ ಮುಚ್ಚಲಿದೆ ಎಂದು ತಿಳಿಸಿದಳು.

ಅಂದಿನಿಂದ ನಡುವಿನ ಅಂತಸ್ತಿನಲ್ಲಿ ಬೇರೆ ಅಡುಗೆ ಶುರುವಾಯಿತು. ಅದರ ಭಾರ ಬಿದ್ದದ್ದು ಲಾಜರೋಸನ ಹೊಟ್ಟೆಗೆ. ಹೆಂಡತಿ ಮಾಡಿದ್ದನ್ನು ಮೇಲೆ ತಿಂದು, ಅಮ್ಮನಿಗೆ ಬೇಸರವಾಗಬಾರದೆಂದು ಕೆಳಗಿಳಿದು ಮತ್ತೆ ತಿನ್ನುತ್ತಿದ್ದ. ಎರಡೂ ಕಡೆ "ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎನ್ನುತ್ತಿದ್ದ. ಹತ್ತು ದಿನಕ್ಕೆ ಬೆಲ್ಟಿಗೆ ಹೊಸ ತೂತು ಬೇಕಾಯಿತು.

ಥ್ರಾಸೋಸ್ ವಿಷಯ ತಿಳಿದು ಹೆಂಡತಿಯ ಎದುರು ನಿಂತ. "ಏನೇ ಎವಾಂಥಿಯಾ, ಮೊದಲ ವಾರ ನನ್ನ ನೀರು, ಈ ವಾರ ನನ್ನ ಸೊಸೆ. ಮುಂದಿನ ವಾರ ಯಾರು, ಪಾದ್ರಿನಾ?"

"ಎರಡರಲ್ಲಿ ಒಂದಿರ್ಲೇಬೇಕು. ಯಾವುದು ಅಂತ ನೀನೇ ಹೇಳು."

ಆ ಪ್ರಶ್ನೆ ಅವನ ತಲೆಯಲ್ಲಿ ಕೂತಿತು. ಎರಡು ದಿನ ಅಡುಗೆಮನೆಯ ಮೇಜಿನ ಮೇಲೆ ಗೋಡೆ ಕ್ಯಾಲೆಂಡರಿನ ಹಿಂಬದಿ ಹರವಿ, ಕೆಂಪು, ನೀಲಿ ಪೆನ್ನು ಹಿಡಿದು ಗೆರೆ ಎಳೆದ. ಎವಾಂಥಿಯಾ ಅವನ ಸುತ್ತ ಹಿಟ್ಟು ಒರೆಸಿದಳು, ಕೇಳಲಿಲ್ಲ.

ಬುಧವಾರ ಸಂಜೆ ಶಾಲೆಯ ಸಭಾಂಗಣದಲ್ಲಿ ಸಭೆ. ಸಮೀಕ್ಷೆ ಮಾಡಿದ್ದ ಯೂನಿವರ್ಸಿಟಿಯ ಸಂಶೋಧಕಿ ಕಲಿರೋಯಿ ಊರಿಗೆ ಬಂದಿದ್ದಳು. ನಲವತ್ತೈದರ ಹೆಂಗಸು, ಕೆಮ್ಮು, ಕೈಯಲ್ಲಿ ಕಾಗದದ ಕಟ್ಟು. ಅವಳು ಬಾಯಿ ತೆರೆಯುವ ಮೊದಲೇ ಜನ ಹೇಳಬೇಕಾದ್ದನ್ನೆಲ್ಲ ಹೇಳಿದರು. ಮೊಬೈಲ್ ಟವರು ಎಂದರು, ಕೀಟನಾಶಕ ಎಂದರು, ಎಲ್ಲಕ್ಕಿಂತ ಜೋರಾಗಿ ನೀರು ಎಂದರು. ಆಗ ಥ್ರಾಸೋಸ್ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ವೇದಿಕೆ ಹತ್ತಿದ.

"ಇದು ಬೆಟ್ಟದ ಬುಗ್ಗೆ" ಎಂದು ಬೆರಳಿಟ್ಟ. "ಇಲ್ಲಿಂದ ಒಂದೇ ದೊಡ್ಡ ಪೈಪು ಇಳಿಯುತ್ತೆ. ಈ ಕವಲಲ್ಲಿ ಎಡಕ್ಕೆ ಲೆಫ್ಕೊನೇರಿ, ಬಲಕ್ಕೆ ಪೆತ್ರೊಲಾಕಾ. ಆ ವಾಲ್ವ್ ತಿರುಗಿಸಿದ ಕೈ ಇದು. ಎರಡೂರೂ ಕುಡಿಯೋದು ಅದೇ ನೀರು. ನೀರು ಕೆಟ್ಟಿದ್ರೆ ಅಲ್ಲಿ ಮಾತ್ರ ಯಾಕೆ ನೂರೈವತ್ತಕ್ಕೆ ಒಂದು?"

ಜನ ಕ್ಯಾಲೆಂಡರಿನ ಗೆರೆಗಳತ್ತ ಕತ್ತು ಚಾಚಿದರು.

"ಅದಕ್ಕೇ ನಾವು ಸಂತ ಪರಾಸ್ಕೆವಿ ನೀರು ಕುಡಿತಿದೀವಿ" ಎಂದಳು ಅಂಚೆ ಮಾಸ್ತರರ ವಿಧವೆ.

"ಗುಡಿ ನಲ್ಲಿನೂ ಅದೇ ಪೈಪು. ಎಂಬತ್ತೊಂಬತ್ತನೇ ಇಸವೀಲಿ ನಾನೇ ಹಾಕಿದ್ದು. ಕಲ್ಲಿನ ಹಿಂದೆ ಮೀಟರಿದೆ, ಬೇಕಾದ್ರೆ ಹೋಗಿ ನೋಡಿ."

ಮೂರು ವಾರ ಬೆಟ್ಟ ಹತ್ತಿ ಇಳಿದಿದ್ದ ಇನ್ನೂರು ಜನ ತಮ್ಮ ತಮ್ಮ ಸೊಂಟ ಮುಟ್ಟಿಕೊಂಡರು. ಥ್ರಾಸೋಸ್ ಗೆದ್ದ ಉತ್ಸಾಹದಲ್ಲಿ ಮುಂದುವರಿದ. ಇಳಿದುಬಿಟ್ಟಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಪೆತ್ರೊಲಾಕಾದಲ್ಲಿ ಇಲ್ಲದೆ ಇರೋದು ಇಲ್ಲಿ ಏನಿದೆ? ಎಲ್ಲಾ ಯೋಚನೆ ಮಾಡಿದೆ. ಒಂದೇ ಒಂದು. ನನ್ನ ಸೊಸೆ."

ಅವನು ಚಪ್ಪಾಳೆಗೆ ಕಾದ. ಇಡೀ ಸಭೆ ಕತ್ತು ತಿರುಗಿಸಿ ಹಿಂದಿನ ಸಾಲಿನಲ್ಲಿ ಕೂತಿದ್ದ ರೊದಾಂಥಿಯನ್ನು ನೋಡಿತು. ಲಾಜರೋಸ್ ಕುರ್ಚಿಯಲ್ಲಿ ಆದಷ್ಟು ಕೆಳಕ್ಕೆ ಜಾರಿದ, ಹೊಟ್ಟೆ ಬಿಡಲಿಲ್ಲ.

ಕಲಿರೋಯಿ ಮೈಕು ಎಳೆದುಕೊಂಡಳು. "ಈ ಹಿರಿಯರು ಹೇಳಿದ್ದು ಸರಿ ಇರಬಹುದು. ನಾವು ಎಣಿಸಿದ್ದು ಮಕ್ಕಳನ್ನಲ್ಲ, ಮಕ್ಕಳ ಹೆಸರಲ್ಲಿರೋ ಕಾಗದಗಳನ್ನ. ನೋಡಿ ಗುರುತಿಸೋರು ಇರೋ ಊರಲ್ಲಿ ಕಾಗದ ಜಾಸ್ತಿ. ಅಥವಾ ಇವರ ಸೊಸೆ ಇಲ್ಲದ್ದನ್ನೂ ಇದೆ ಅಂತ ನೋಡಿರಬಹುದು. ಎರಡರಲ್ಲಿ ಯಾವುದು ಅಂತ ಈಗ ನನಗೂ ಗೊತ್ತಿಲ್ಲ. ಗೊತ್ತಾಗಬೇಕಾದ್ರೆ ಎರಡೂರಿನ ನಾಲ್ಕರಿಂದ ಆರು ವರ್ಷದ ಪ್ರತಿಯೊಂದು ಮಗೂನೂ ಒಂದೇ ರೀತಿ ನೋಡ್ಬೇಕು, ಹೊರಗಿನೋರು ನೋಡ್ಬೇಕು. ಮುಂದಿನ ವಾರ ಒಪ್ಪಿಗೆ ಪತ್ರ ಮನೆಗೆ ಬರುತ್ತೆ. ಸಹಿ ಹಾಕೋದು ಬಿಡೋದು ನಿಮ್ಮಿಷ್ಟ."

ಮನೆಗೆ ನಡೆಯುವಾಗ ಎವಾಂಥಿಯಾ ಗಂಡನಿಗಿಂತ ಹತ್ತು ಹೆಜ್ಜೆ ಮುಂದಿದ್ದಳು. ತಿರುಗಿ ನಿಂತಳು.

"ಮೂರು ವಾರ ನಾನು ಕ್ಯಾನು ಹೊತ್ತೆ, ಥ್ರಾಸೋ."

"ನೀನು ಕೇಳ್ಲಿಲ್ಲ."

"ಹೇಳೋಕೆ ನಿನಗೆ ಬಾಯಿರ್ಲಿಲ್ವಾ?"

"ಇತ್ತು. ನೋಡೋಕೆ ಚೆನ್ನಾಗಿತ್ತು, ಅದಕ್ಕೆ ಸುಮ್ನಿದ್ದೆ."

ಅಂದು ರಾತ್ರಿಯ ಊಟಕ್ಕೆ ಅವನಿಗೆ ರೊಟ್ಟಿ ಮತ್ತು ನಲ್ಲಿ ನೀರು ಸಿಕ್ಕಿತು.

ಒಪ್ಪಿಗೆ ಪತ್ರ ಮಂಗಳವಾರ ಶಿಶುವಿಹಾರದ ಚೀಲದಲ್ಲಿ ಬಂತು. ಅರ್ಗಿರೊ ಅದನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಅಂಗಡಿಯ ಸಮವಸ್ತ್ರ ಇಸ್ತ್ರಿ ಮಾಡಿದಳು. ಅಂಗಿಯ ಒಂದೇ ತೋಳನ್ನು ನಾಲ್ಕು ಸಲ ತೀಡಿದಳು. ಗಂಡನಿಗೆ ಫೋನು ಮಾಡಿದಳು. ಎಲ್ಲೋ ಸಿಂಗಪುರದ ಆಚೆಯಿಂದ ಅವನು, "ನಿನಗೆ ಸರಿ ಅನ್ಸಿದ್ದು ಮಾಡು" ಅಂದ. ಪರದೆಯ ಬಣ್ಣಕ್ಕೂ ಅವನು ಹಾಗೇ ಹೇಳಿದ್ದ. ಕೊನೆಗೆ ಕಾಗದ ಹಿಡಿದು ಒಂದು ಅಂತಸ್ತು ಇಳಿದು ರೊದಾಂಥಿಯ ಬಾಗಿಲು ತಟ್ಟಿದಳು.

"ಅತ್ತಿಗೆ, ಇದು ನಮಗೆ ಬೇಕಾಗಿಲ್ಲ ಅಲ್ವಾ?"

ರೊದಾಂಥಿ ಕಾಗದ ನೋಡಿದಳು.

"ಊರ ಮಕ್ಕಳನ್ನೆಲ್ಲ ನೋಡಿದೀಯ. ನಮ್ಮ ಮಿರ್ಸಿನಿ ದಿನಾ ನಿನ್ನ ಕಣ್ಣೆದುರಿಗೇ ಇದಾಳೆ. ಏನಾದ್ರೂ ಇದ್ದಿದ್ರೆ ನೀನು ಹೇಳ್ತಿದ್ದೆ. ನೀನು ಹೇಳಿಲ್ಲ. ಅಂದ್ರೆ ಏನೂ ಇಲ್ಲ. ಅಲ್ವಾ?"

"ಕೂತ್ಕೊ, ಅರ್ಗಿರೊ."

"ನಿಂತೇ ಇರ್ತೀನಿ. ಅಲ್ವಾ ಅಂದೆ."

ಅತ್ತಿಗೆ ಕುರ್ಚಿ ಎಳೆದಳು. ಆ ಕುರ್ಚಿ ಎಳೆದ ಸದ್ದೇ ಅರ್ಗಿರೊಳಿಗೆ ಉತ್ತರವಾಯಿತು.

"ಯಾವಾಗಿಂದ ಗೊತ್ತು ನಿನಗೆ?"

"ಮೂರು ತುಂಬಿದಾಗಿಂದ."

"ಎರಡು ವರ್ಷ." ಅರ್ಗಿರೊ ಕುರ್ಚಿಯ ಬೆನ್ನು ಹಿಡಿದಳು. "ಬೇಕರಿಯವಳಿಗೆ ನೀನು ಇಪ್ಪತ್ತು ನಿಮಿಷದಲ್ಲಿ ಹೇಳಿದೆ. ರೊಟ್ಟಿ ತಗೊಳೋಕೆ ಹೋಗಿ ಹೇಳಿ ಬಂದೆ. ನನ್ನ ಜೊತೆ ಎರಡು ವರ್ಷ ಒಂದೇ ಮೇಜಲ್ಲಿ ಕೂತು ಉಂಡೆ, ಉಪ್ಪು ಕೊಡು ಅಂದೆ, ಹಾಲು ಕೊಡು ಅಂದೆ."

"ಬೇಕರಿಯವಳು ಕೋಪ ಮಾಡ್ಕೊಂಡಿದ್ರೆ ನಾನು ಬೇರೆ ಅಂಗಡೀಲಿ ರೊಟ್ಟಿ ತರ್ತಿದ್ದೆ. ನೀನು ಮಾಡ್ಕೊಂಡಿದ್ರೆ ನಾನು ಎಲ್ಲಿಗೆ ಹೋಗ್ಲಿ? ಅತ್ತೆ ಟೀವಿ ವಾರ್ತೆ ಅಂತಾರೆ, ನೀನು ನಗ್ತೀಯ. ಹೆದರಿದೆ. ನಾಳೆ ಹೇಳ್ತೀನಿ, ಹಬ್ಬ ಕಳೀಲಿ, ನಿನ್ನ ಗಂಡ ಬರ್ಲಿ ಅಂತ ಮುಂದಕ್ಕೆ ಹಾಕಿದೆ. ತಪ್ಪು ನಂದು."

"ಹೌದು, ನಿಂದೇ."

ಅರ್ಗಿರೊ ಕೂತಳು. ಅತ್ತಳು, ಮೂಗು ಒರೆಸಿಕೊಂಡಳು, ಪೆನ್ನು ಕೇಳಿದಳು. ಸಹಿ ಹಾಕುವಾಗ, "ಸೆಪ್ಟೆಂಬರಿಗೆ ಒಂದನೇ ಕ್ಲಾಸು" ಎಂದಳು. "ಮೇಜಿನ ಕೆಳಗೆ ಕೂರೋಕೆ ಅಲ್ಲಿ ಬಿಡಲ್ಲ ಅಂತ ನನಗೇನು ಗೊತ್ತಿಲ್ವಾ? ರಾತ್ರಿಯೆಲ್ಲ ಅದೇ ಯೋಚನೆ. ಯಾರಾದ್ರೂ ಹೇಳ್ಲಿ ಅಂತಾನೇ ಕಾಯ್ತಿದ್ದೆ, ನೀನು ಮಾತ್ರ ಬಾಯಿ ಬಿಡ್ಲಿಲ್ಲ. ಆ ಕಾರಣಕ್ಕೆ ನಿನ್ನನ್ನ ಕ್ಷಮಿಸಲ್ಲ. ಕಾಫಿ ಮಾಡು."

ರೊದಾಂಥಿ ಕಾಫಿ ಮಾಡಿದಳು. ಸಕ್ಕರೆ ಎಷ್ಟು ಎಂದು ಕೇಳುವ ಅಗತ್ಯ ಇರಲಿಲ್ಲ.

ಎವಾಂಥಿಯಾಗೆ ವಿಷಯ ತಿಳಿದದ್ದು ಮರುದಿನ ಬೀನ್ಸ್ ಸೋಸುವಾಗ. ಸೋಸುವ ಜಾಲರಿಯನ್ನು ಸಿಂಕಿನಲ್ಲಿ ಬಡಿದಳು.

"ನನ್ನ ಮೊಮ್ಮಗಳನ್ನ ಯಾರೋ ಪೇಟೆಯೋರು ಬಂದು ನೋಡ್ಬೇಕಾ? ಅವಳಲ್ಲಿ ಏನು ಕಮ್ಮಿ?"

"ಕಮ್ಮಿ ಅಂತ ಯಾರೂ ಹೇಳ್ಲಿಲ್ಲಮ್ಮ. ನೋಡ್ತಾರೆ, ಅಷ್ಟೇ" ಎಂದಳು ಅರ್ಗಿರೊ.

"ನೋಡ್ಲಿ. ನಾನೂ ಇರ್ತೀನಿ. ಅವರು ಏನ್ ಕೇಳ್ತಾರೋ ಅದಕ್ಕೆಲ್ಲ ನಾನು ಉತ್ತರ ಹೇಳ್ತೀನಿ. ಆ ಮಗು ಎಷ್ಟು ಜಾಣೆ ಅಂತ ಇಡೀ ಯೂನಿವರ್ಸಿಟಿಗೆ ಗೊತ್ತಾಗ್ಲಿ."

ಜೂನ್ ಮೊದಲ ವಾರ ಕಲಿರೋಯಿಯ ತಂಡದ ಇಬ್ಬರು ಹೆಣ್ಣುಮಕ್ಕಳು ಬಂದರು. ಮಗುವಿಗೆ ಒಗ್ಗಿದ ಜಾಗವಾದ್ದರಿಂದ ಕೆಳಗಿನ ಅಡುಗೆಮನೆಯಲ್ಲೇ ನಡೆಯಲಿ ಎಂದಾಯಿತು. ಅವರಲ್ಲಿ ಚಿಕ್ಕವಳು ಬೂಟು ಬಿಚ್ಚಿ ಮೇಜಿನ ಕೆಳಗೆ ನುಸುಳಿ ಮಿರ್ಸಿನಿಯ ಪಕ್ಕ ಕೂತಳು. ಒಂದೂವರೆ ಗಂಟೆ ಅಲ್ಲೇ ಇದ್ದಳು. ದೊಡ್ಡವಳು ಮೇಲೆ ಪ್ರಶ್ನೆ ಪಟ್ಟಿ ತೆರೆದಳು. ರೊದಾಂಥಿ ನಿಯಮದಂತೆ ಮನೆಯಿಂದ ಆಚೆ ಹೋಗಿದ್ದಳು. ಎವಾಂಥಿಯಾ ಕರಿದ ಸಿಹಿಯ ತಟ್ಟೆ ಇಟ್ಟು, ಏಪ್ರನ್ ಬಿಚ್ಚಿ, ಸಾಕ್ಷಿ ಹೇಳಲು ಬಂದವಳ ಹಾಗೆ ಕೂತಳು.

"ಹೆಸರು ಹಿಡಿದು ಕರೆದ್ರೆ ತಿರುಗಿ ನೋಡ್ತಾಳಾ?" ಎಂದು ದೊಡ್ಡವಳು ಅರ್ಗಿರೊಳನ್ನು ಕೇಳಿದಳು.

"ಕೆಲಸ ಇಲ್ದೆ ಕರೆದ್ರೆ ಯಾಕೆ ನೋಡ್ಬೇಕು?" ಎಂದಳು ಎವಾಂಥಿಯಾ. "ಸುಮ್ನೆ ಕರೆಯೋರಿಗೆಲ್ಲ ಓಗೊಡೋ ಮಗು ಅಲ್ಲ ಅದು."

ಹುಡುಗಿ ಬರೆದುಕೊಂಡಳು.

"ಬೇರೆ ಮಕ್ಕಳ ಜೊತೆ ಆಡ್ತಾಳಾ?"

"ಇಲ್ಲಮ್ಮ. ಬೇರೆ ಮಕ್ಕಳಿಗೆ ಶಿಸ್ತಿಲ್ಲ, ಕಿರುಚಾಡ್ತವೆ. ಇವಳು ದೂರ ನಿಂತು ನೋಡ್ತಾಳೆ, ದೊಡ್ಡೋರ ಹಾಗೆ."

ಬರೆದುಕೊಂಡಳು.

"ಊಟ?"

"ಬಿಳಿದು ಮಾತ್ರ. ಮಕರೋನಿ, ಅನ್ನ, ಮೊಸರು. ಹೊಟ್ಟೆಗೆ ಒಳ್ಳೇದು. ಒಂದ್ಸಲ ನಾನು ಮಕರೋನಿ ಮೇಲೆ ಪಾರ್ಸ್‌ಲಿ ಸೊಪ್ಪು ಉದುರಿಸಿದೆ, ನಾಲ್ಕು ಗಂಟೆ ಅತ್ಲು. ಅಷ್ಟು ಸೂಕ್ಷ್ಮ ನಾಲಿಗೆ."

ಹೀಗೆ ಒಂದೊಂದೂ ಪ್ರಶ್ನೆಗೆ ಅಜ್ಜಿ ಹೆಮ್ಮೆಯಿಂದ ಉತ್ತರ ಕೊಟ್ಟಳು. ಪ್ರತಿ ಉತ್ತರದ ಮುಂದೆಯೂ ಗುರುತು ಬಿತ್ತು. ಮೂಲೆಯಲ್ಲಿ ಕೂತಿದ್ದ ಥ್ರಾಸೋಸ್ ಪಟ್ಟಿಯ ಮೇಲೆ ಕತ್ತು ಚಾಚಿ, "ಎವಾಂಥಿಯಾ, ನೀನು ಸ್ವಲ್ಪ ಬಾಯಿ ಮುಚ್ಚಿದ್ರೆ ಮಗು ತಪ್ಪಿಸ್ಕೊಳೋದೇನೋ" ಅಂದ. ಅರ್ಗಿರೊ ನಗು ತಡೆಯಲಾರದೆ ಕಿಟಕಿಯ ಕಡೆ ಮುಖ ಮಾಡಿದಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

ಜುಲೈ ಕೊನೆಯಲ್ಲಿ ಎರಡು ಸುದ್ದಿ ಬಂದವು. ಎರಡೂ ಊರಿನ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದಾಗ ಲೆಫ್ಕೊನೇರಿಯಲ್ಲಿ ಮೂವತ್ತೊಂದಕ್ಕೆ ಒಂದು, ಪೆತ್ರೊಲಾಕಾದಲ್ಲಿ ಮೂವತ್ತಮೂರಕ್ಕೆ ಒಂದು. ಹೆಚ್ಚುಕಮ್ಮಿ ಒಂದೇ. ರೊದಾಂಥಿ ಗುರುತಿಸಿದ್ದ ಮಕ್ಕಳಲ್ಲಿ ಇಬ್ಬರ ಬಗ್ಗೆ ಮಾತ್ರ ಅನುಮಾನವಿತ್ತು. ಅವಳ ಕಣ್ಣಿಗೂ ತಪ್ಪಿದ್ದ ಐದು ಮಕ್ಕಳಿದ್ದರು, ಐವರೂ ಹೆಣ್ಣುಮಕ್ಕಳು. ಥ್ರಾಸೋಸ್ ಕಾಫಿ ಅಂಗಡಿಗೆ ಹೋಗಿ ಎಲ್ಲರಿಗೂ ಒಂದೊಂದು ಲೋಟ ನಲ್ಲಿ ನೀರು ಕುಡಿಸಿದ. ಅಂಚೆ ಮಾಸ್ತರರ ವಿಧವೆ ಎರಡು ಕುಡಿಯಬೇಕಾಯಿತು.

ಎರಡನೇ ಸುದ್ದಿ ಮನೆಗೆ ಬಂದ ಲಕೋಟೆ. ತಂಡದ ವರದಿ ನೋಡಿ, ಮಿರ್ಸಿನಿಗೆ ಆಟಿಸಂ ಇದೆ ಎಂದು ಜಿಲ್ಲೆಯ ಮಕ್ಕಳ ತಪಾಸಣಾ ಕೇಂದ್ರ ಬರೆದಿತ್ತು. ಸೆಪ್ಟೆಂಬರಿನಿಂದ ತರಗತಿಯಲ್ಲಿ ಅವಳ ಪಕ್ಕ ಒಬ್ಬ ಶಿಕ್ಷಕಿ ಇರುತ್ತಾಳೆ ಎಂದೂ ಬರೆದಿತ್ತು. ಅರ್ಗಿರೊ ಅದನ್ನು ಓದಿ ಮಡಚಿ ಫ್ರಿಜ್ಜಿನ ಮೇಲಿಟ್ಟು ಕೆಲಸಕ್ಕೆ ಹೋದಳು.

ಎವಾಂಥಿಯಾ ಮೂರು ದಿನ ಸುಮ್ಮನಿದ್ದಳು. ಅವಳು ಸುಮ್ಮನಿದ್ದುದನ್ನು ಕಂಡು ಲಾಜರೋಸ್ ಡಾಕ್ಟರನ್ನು ಕರೆಸೋಣವೇ ಎಂದು ತಂದೆಯನ್ನು ಕೇಳಿದ. ನಾಲ್ಕನೇ ದಿನ ಅವಳು ಮಂಡಿ ಹಿಡಿದುಕೊಂಡು ನಡುವಿನ ಅಂತಸ್ತಿಗೆ ಹತ್ತಿದಳು. ರೊದಾಂಥಿ ಬಟ್ಟೆ ಒಣಹಾಕುತ್ತಿದ್ದಳು. ಅತ್ತೆ ಬುಟ್ಟಿಯಿಂದ ಒಂದೊಂದೇ ಬಟ್ಟೆ ಕೊಡವಿ ಕೊಡಲು ನಿಂತಳು.

"ಅವತ್ತು ಎಲೆ ಸುತ್ತೋವಾಗ ನಾನೊಂದು ಮಾತಂದೆ."

"ಯಾವ ಮಾತು, ಅತ್ತೆ?"

"ಗೊತ್ತಿಲ್ಲದೋಳ ಹಾಗೆ ಆಡ್ಬೇಡ. ಅದನ್ನ ಇನ್ನೊಂದ್ಸಲ ನನ್ನ ಬಾಯಲ್ಲಿ ಹೇಳಿಸ್ಬೇಡ."

ರೊದಾಂಥಿ ಒಂದು ಅಂಗಿಗೆ ಎರಡು ಕ್ಲಿಪ್ಪು ಹಾಕಿದಳು. "ಸರಿ, ಹೇಳಿಸಲ್ಲ."

"ಕೆಟ್ಟ ಮಾತು ಅದು. ನನಗೆ ಗೊತ್ತು." ಇನ್ನೊಂದು ಅಂಗಿ ಕೊಡವಿದಳು. "ಈಗ ಹೇಳು, ಆ ಮಗೂಗೆ ನಾನು ಏನ್ ಮಾಡ್ಬೇಕು? ಔಷಧಿ ಇಲ್ಲ ಅಂತಾರೆ. ಅಡುಗೆ ಬದಲಾಯಿಸ್ಲಾ? ಹರಕೆ ಹೊತ್ಕೊಳ್ಳಾ?"

"ಅವೆಲ್ಲ ಏನೂ ಬೇಡ. ಒಂದು ಕೆಲಸ ಇದೆ, ನಿಮ್ಮಿಂದ ಆಗಲ್ಲ ಅನ್ಸುತ್ತೆ."

"ನನ್ನಿಂದ ಆಗದ್ದು ಅಂತ ಈ ಮನೇಲಿ ಯಾವುದಿದೆ?"

"ಅವಳನ್ನ ಏನಾದ್ರೂ ಕೇಳಿದ್ಮೇಲೆ ಸುಮ್ನಿರ್ಬೇಕು. ಮನಸ್ಸಲ್ಲೇ ಹತ್ತರವರೆಗೆ ಎಣಿಸ್ಬೇಕು. ನೀವೇ ಉತ್ತರ ಹೇಳ್ಬಾರ್ದು, ಇನ್ನೊಂದ್ಸಲ ಕೇಳ್ಬಾರ್ದು, ಬಾಯಿಗೆ ತುರುಕ್ಬಾರ್ದು. ಅವಳಿಗೆ ಮಾತು ಹುಡುಕೋಕೆ ಹೊತ್ತು ಬೇಕು. ಈ ಮನೇಲಿ ಯಾರೂ ಅವಳಿಗೆ ಅಷ್ಟು ಹೊತ್ತು ಕೊಟ್ಟಿಲ್ಲ. ನಾನೂ ಕೊಟ್ಟಿಲ್ಲ."

"ಹತ್ತು" ಎಂದಳು ಎವಾಂಥಿಯಾ. "ಅಷ್ಟೇನಾ?"

ಅಷ್ಟೇ ಆಗಿತ್ತು, ಆದರೆ ಮೊದಲ ವಾರ ಅವಳು ನಾಲ್ಕು ದಾಟಲಿಲ್ಲ. "ಹಾಲು ಬೇಕಾ?" ಎಂದು ಕೇಳಿ, ತುಟಿ ಬಿಗಿದು, ಮುಖ ಕೆಂಪಗಾಗಿ, ಕೈಬೆರಳು ಮಡಚುತ್ತಾ ಹೋಗಿ, ಐದನೆಯದಕ್ಕೆ "ಬೇಕು ಅನ್ಸುತ್ತೆ" ಎಂದು ತಾನೇ ಸುರಿದುಬಿಡುತ್ತಿದ್ದಳು. ಎರಡನೇ ವಾರ ಏಳಕ್ಕೆ ಬಂದಳು. ಅವಳು ಎಣಿಸುವಾಗ ಮನೆಯವರೆಲ್ಲ ಉಸಿರು ಹಿಡಿಯುತ್ತಿದ್ದರು. ಬಾಗಿಲು ತಳ್ಳಿ ಬಂದ ನೆರೆಯವಳೊಬ್ಬಳು ಆ ಮೌನ ಕಂಡು, ಯಾರೋ ತೀರಿಕೊಂಡಿದ್ದಾರೆಂದು ಶಿಲುಬೆಯ ಗುರುತು ಮಾಡಿಕೊಂಡಿದ್ದೂ ಉಂಟು.

ಆಗಸ್ಟ್ ಹದಿನೈದರ ಮೇರಿ ಮಾತೆಯ ಹಬ್ಬ ಕಳೆದ ಮೇಲೊಂದು ಮಧ್ಯಾಹ್ನ. ರೊದಾಂಥಿ ಮತ್ತೆ ಕೆಳಗಿನ ಮೇಜಿಗೆ ಬಂದಿದ್ದಳು. ಲಾಜರೋಸ್ ಒಂದೇ ಊಟ ಉಣ್ಣುತ್ತಿದ್ದ. ಎವಾಂಥಿಯಾ ಟೊಮೆಟೊ ಹಾಕಿದ ಬೆಂಡೆಕಾಯಿ ಮಾಡಿದ್ದಳು. ಮದುವೆಯಾದಂದಿನಿಂದ ಪ್ರತಿ ಆಗಸ್ಟಿನಲ್ಲೂ ಮಾಡುತ್ತಿದ್ದಳು, ಎಲ್ಲರೂ ತಿನ್ನುತ್ತಿದ್ದರು. ಒಂದು ಸಣ್ಣ ಬಟ್ಟಲಲ್ಲಿ ಎರಡೇ ಎರಡು ಬೆಂಡೆಕಾಯಿ ಇಟ್ಟುಕೊಂಡು, ಕಷ್ಟಪಟ್ಟು ಬಗ್ಗಿ, ಮೇಜಿನ ಕೆಳಗೆ ಹಿಡಿದಳು.

"ಮಿರ್ಸಿನಿ, ಬೆಂಡೆಕಾಯಿ ಬೇಕಾ?"

ಅಜ್ಜಿ ಬಾಯಿ ಮುಚ್ಚಿದಳು. ಅರ್ಗಿರೊ ಅವಳ ಬೆರಳುಗಳನ್ನು ನೋಡಿದಳು. ನಾಲ್ಕು, ಐದು, ಆರು. ಏಳು. ಎಂಟು. ಎಂಟೂಮುಕ್ಕಾಲಕ್ಕೆ ಎವಾಂಥಿಯಾಳ ಕುತ್ತಿಗೆಯ ನರ ಉಬ್ಬಿತು. ಒಂಬತ್ತು.

"ಬೇಡ" ಎಂದಳು ಮಿರ್ಸಿನಿ.

ಗ್ರಾಹಕರೂ ಇಲ್ಲ, ಕೌಂಟರೂ ಇಲ್ಲ. ಅವಳದೇ ದನಿ, ಸ್ವಲ್ಪ ಒರಟು. ಬಟ್ಟಲನ್ನು ಒಂದು ಬೆರಳಿನಿಂದ ಅಜ್ಜಿಯ ಕಡೆ ತಳ್ಳಿದಳು.

ಅರ್ಗಿರೊ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ರೊದಾಂಥಿ ನಾದಿನಿಯ ತೋಳು ಹಿಡಿದಳು, ನಾದಿನಿ ಬಿಡಿಸಿಕೊಳ್ಳಲಿಲ್ಲ. ಎವಾಂಥಿಯಾ ಮೇಜಿನ ಅಂಚು ಹಿಡಿದು ಎದ್ದು ನಿಂತಳು. ಅವಳ ಬೆಂಡೆಕಾಯಿಗೆ ಆ ಮನೆಯಲ್ಲಿ ಯಾರೂ ಯಾವತ್ತೂ ಹೇಳದಿದ್ದ ಮಾತು ಅದು. ಕಣ್ಣು ಒದ್ದೆಯಾಗಿತ್ತು.

"ಕೇಳಿಸ್ತಾ?" ಎಂದಳು. "ಬೇಡ ಅಂದ್ಲು. ಎಷ್ಟು ಚೆನ್ನಾಗಿ ಅಂದ್ಲು. ಬೇಡ ಅಂದ್ರೆ ಬೇಡ, ಮುಗೀತು. ನಾಳೆಯಿಂದ ಅವಳಿಗೆ ಯಾರೂ ಬೆಂಡೆಕಾಯಿ ತೋರಿಸ್ಕೂಡ್ದು."

ಥ್ರಾಸೋಸ್ ಇದನ್ನೆಲ್ಲ ಗಮನವಿಟ್ಟು ನೋಡಿದ. ನಲವತ್ತಾರು ಆಗಸ್ಟುಗಳು ಅವನ ಮುಖದ ಮೇಲೆ ಹಾದುಹೋದವು. ಮೆಲ್ಲಗೆ ತನ್ನ ತಟ್ಟೆಯನ್ನು ಒಂದು ಬೆರಳಿನಿಂದ ಮುಂದಕ್ಕೆ ತಳ್ಳಿದ.

"ಎವಾಂಥಿಯಾ, ನನಗೂ ಬೇಡ."

ಎವಾಂಥಿಯಾ ಎಣಿಸಲಿಲ್ಲ.

"ನಿನ್ನ ಹತ್ರ ಕಾಗದ ಇದೆಯಾ?" ಎಂದು ಕೇಳಿದಳು. "ಇಲ್ಲ ತಾನೆ? ಸುಮ್ನೆ ತಿನ್ನು."